ಬಾಯಿ ಬಿಟ್ಟರೆ ಬಣ್ಣಗೇಡು

ಆ ಬೀದಿಯವರು ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಕ್ಷೌರಿಕರೆಲ್ಲ ಸ್ವಲ್ಪ ಮಾತುಗಾರರು ಅನ್ನುತ್ತಾರೆ. ಇವನದು ಸ್ವಲ್ಪ ಅಲ್ಲ. ಇಲಿ ಹೋದರೆ ಹುಲಿ ಹೋಯಿತು ಅನ್ನುವವನು. ಅವನ ಕೈಗೆ ತಲೆ ಕೊಟ್ಟವರು ಕಿವಿಯನ್ನೂ ಕೊಡಲೇಬೇಕಿತ್ತು. "ಕುತ್ತಿಗೆಗೆ ಬಟ್ಟೆ ಕಟ್ಟೋದು ಕೂದಲು ಒಳಗೆ ಬೀಳದೇ ಇರಲಿ ಅಂತಲ್ಲ, ಗಿರಾಕಿ ಎದ್ದು ಓಡದೇ ಇರಲಿ ಅಂತ," ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ.

ಅಂಗಡಿ ಅಂದರೆ ಬೀದಿಗೆ ಬಾಯ್ತೆರೆದ ಒಂದು ಕೋಣೆ, ಎರಡು ಕುರ್ಚಿ. ಕನ್ನಡಿಯ ಒಂದು ಮೂಲೆಯಲ್ಲಿ ಪಾದರಸ ಕಿತ್ತುಹೋಗಿ, ಕೂತವರಿಗೆ ತಮ್ಮ ಎಡಗಿವಿ ಕಾಣುತ್ತಿರಲಿಲ್ಲ. ಹಿಂದುಗಡೆ ಮನೆ. ಅಲ್ಲಿ ಹೆಂಡತಿಯ ಹೊಲಿಗೆ ಮಷಿನ್ನು, ಅತ್ತೆಯ ಮಂಚ, ಮಂಚದ ತಲೆಕಡೆ ಗೋಡೆಗೆ ಗುರುಗಳ ಚಿತ್ರ.

ಅವನಷ್ಟು ಪುಕ್ಕಲ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನೂ ಅವನೇ ಹೇಳಿಕೊಳ್ಳುತ್ತಿದ್ದ. ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಗಿರಾಕಿಯ ಗಲ್ಲ ಒಂದಿಷ್ಟು ಗೀರಿದರೆ ಪಟಿಕದ ಕಲ್ಲನ್ನು ಅವನ ಕೈಗೇ ಕೊಟ್ಟು, "ನೀವೇ ಒತ್ಕೊಳ್ಳಿ ಸ್ವಾಮಿ," ಎಂದು ಬೀದಿ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

ಇಂಥವನನ್ನು ಗುರುಗಳ ಸೇವೆಗೆ ಸೇರಿಸಿದ್ದು ಅತ್ತೆ. ಊರಾಚೆ ಎತ್ತರದ ಗೋಡೆಯ ಆಶ್ರಮ. ಭಕ್ತರೆಲ್ಲ ಬೂದು ಬಣ್ಣದ ಅಂಗಿಯವರು. ಗುರುಗಳಿಗೆ ಎಂಬತ್ತು ದಾಟಿದೆ, ಆದರೂ ತಲೆಯಲ್ಲಿ ಗಡ್ಡದಲ್ಲಿ ಒಂದೂ ಬಿಳಿ ಎಳೆಯಿಲ್ಲ, ಅದೆಲ್ಲ ತಪಸ್ಸಿನ ಫಲ ಎಂದು ಜನ ನಂಬಿದ್ದರು. ಹಳೆಯ ಕ್ಷೌರಿಕ ತೀರಿಕೊಂಡಾಗ ಆಶ್ರಮದ ವ್ಯವಸ್ಥಾಪಕ, ಬಾಯಿ ಬಿಗಿ ಇರುವವನೊಬ್ಬ ಬೇಕು ಎಂದು ಹುಡುಕುತ್ತಿದ್ದ. ಅತ್ತೆ ಕೂಡಲೇ, "ನಮ್ಮ ಅಳಿಯಂದಿರು ಸತ್ತರೂ ಬಾಯಿ ಬಿಡೋರಲ್ಲ," ಅಂದರು. "ನಮ್ಮತ್ತೆ ಜನ್ಮದಲ್ಲಿ ಹೇಳಿದ್ದು ಅದೊಂದೇ ಸುಳ್ಳು," ಎನ್ನುತ್ತಿದ್ದ ರೇಡಿಯೋ, "ಅದೂ ನನ್ನ ತಲೆಗೇ ಬಂತು."

ಮೊದಲ ದಿನವೇ ಅವನಿಗೆ ತಪಸ್ಸಿನ ಗುಟ್ಟು ತಿಳಿಯಿತು. ಗುರುಗಳ ವಯಸ್ಸು ಅರವತ್ತೈದರ ಆಚೀಚೆ, ಗಡ್ಡ ಹತ್ತಿಯಷ್ಟು ಬಿಳುಪು. ಮೂರು ವಾರಕ್ಕೊಮ್ಮೆ ಹಿಂಬಾಗಿಲಿಂದ ಒಳಗೆ ಹೋಗಬೇಕು, ಬೇರನ್ನೂ ಬಿಡದಂತೆ ಕಪ್ಪು ಬಣ್ಣ ಹಚ್ಚಬೇಕು, ಬಂದ ದಾರಿಯಲ್ಲೇ ಹೊರಗೆ ಬರಬೇಕು. "ಬಾಯಿ ಬಿಟ್ರೆ ಬಣ್ಣಗೇಡು, ಗೊತ್ತಲ್ಲ?" ಎಂದಿದ್ದ ವ್ಯವಸ್ಥಾಪಕ ನಗುತ್ತಾ. ನಗು ತುಟಿಯಿಂದ ಮೇಲೆ ಏರಿರಲಿಲ್ಲ. ರೇಡಿಯೋ ಆ ಗುಟ್ಟನ್ನು ಹೆಂಡತಿಗೂ ಹೇಳಲಿಲ್ಲ. ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡವನಂತೆ ಮನೆಯೊಳಗೆ ಓಡಾಡಿದ, ಅಷ್ಟೇ. ಬಾಯಿ ಕಟ್ಟಿದ್ದು ನಿಷ್ಠೆಯಲ್ಲ, ಭಯ.

ಆಶ್ರಮದ ಅಡುಗೆಮನೆಯಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹೆಣ್ಣುಮಗಳು ಕೆಲಸಕ್ಕಿದ್ದಳು. ಬಣ್ಣ ತೊಳೆಯಲು ಬಿಸಿನೀರು ತಂದಿಡುವವಳು ಅವಳೇ. ಭಜನೆಗೆ ಬರುವ ಮುದುಕಿಯರ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಡುವವಳೂ ಅವಳೇ. ಅವನ ಅತ್ತೆಗೆ ಅವಳನ್ನು ಕಂಡರೆ ಪ್ರೀತಿ. ಅವನ ಜೊತೆ ಅವಳ ಮಾತು ಎರಡೇ: "ನೀರು ತಂದೆ ಅಣ್ಣ," "ನೀರು ಸಾಕಾ ಅಣ್ಣ?"

ಆ ಬೆಳಿಗ್ಗೆ ಅವಳು ನೀರಿಲ್ಲದೆ ಬಂದಳು. ಗುರುಗಳು ಕುರ್ಚಿಯಲ್ಲಿ ಕೂತಿದ್ದರು. ತಲೆಗೆ ಪ್ಲಾಸ್ಟಿಕ್ ಚೀಲ ಸುತ್ತಿತ್ತು, ಗಡ್ಡದ ತುಂಬ ಹಸಿ ಬಣ್ಣ. ಅವಳು ಬಾಗಿಲಲ್ಲೇ ನಿಂತು, "ನನ್ನನ್ನ ಮನೆಗೆ ಕಳಿಸಿಬಿಡಿ," ಅಂದಳು. ವ್ಯವಸ್ಥಾಪಕ ರಟ್ಟೆ ಹಿಡಿದು ಎಳೆದ. ಅವಳು ಕೊಸರಿಕೊಂಡು, "ಕಳಿಸದಿದ್ರೆ ಇಲ್ಲಿ ಹೆಣ್ಣುಮಕ್ಕಳಿಗೆ ಏನೇನಾಗ್ತಿದೆ ಅಂತ ಬೀದಿಯಲ್ಲಿ ನಿಂತು ಹೇಳ್ತೀನಿ," ಎಂದು ಕೂಗಿದಳು. ಗುರುಗಳು ಎದ್ದರು. ಪಕ್ಕದಲ್ಲಿದ್ದ ಬೆಳ್ಳಿ ಹಿಡಿಯ ಕೋಲು ತೆಗೆದುಕೊಂಡು ಅವಳ ತಲೆಗೆ ಹೊಡೆದರು. ಅವಳು ಬಿದ್ದ ಮೇಲೂ ಹೊಡೆದರು. ಮೂಲೆಯಲ್ಲಿ ಬ್ರಷ್ ಹಿಡಿದು ನಿಂತಿದ್ದ ರೇಡಿಯೋ ಬಾಯಿಂದ ಒಂದೇ ಒಂದು ಮಾತು ಬಂತು. ಅದೇನೆಂದು ಅವನು ಬಹಳ ಕಾಲ ಯಾರಿಗೂ ಹೇಳಲಿಲ್ಲ.

ಹೊರಗಿನಿಂದ ಇಬ್ಬರು ಬಂದು ಅವಳನ್ನು ಎತ್ತಿಕೊಂಡು ಹೋದರು. "ನೀನೇನೂ ನೋಡಿಲ್ಲ. ಹೊತ್ತಾಯ್ತು, ತೊಳಿ," ಎಂದ ವ್ಯವಸ್ಥಾಪಕ. ಅವನು ತಣ್ಣೀರಲ್ಲೇ ಗುರುಗಳ ಗಡ್ಡ ತೊಳೆದ. ಕೆಲಸ ಚೊಕ್ಕವಾಗಿಯೇ ಬಂತು, ಹಾಳಾದ್ದು.

ಆಶ್ರಮದ ಡ್ರೈವರ್ ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಒಯ್ದ. ದಾರಿಯಲ್ಲೇ ಪ್ರಾಣ ಹೋಗಿತ್ತು. ಮೆಟ್ಟಿಲಿಂದ ಜಾರಿಬಿದ್ದಳು ಎಂದು ಆಶ್ರಮದವರು ಹೇಳಿದರು. ಗುರುಗಳು ಆ ವಾರವಿಡೀ ದೂರದ ಬೆಟ್ಟದ ಮನೆಯಲ್ಲಿ ಮೌನವ್ರತದಲ್ಲಿದ್ದರು ಎಂದೂ ಹೇಳಿದರು.

ರೇಡಿಯೋ ಮಾತು ನಿಲ್ಲಿಸಿಬಿಟ್ಟ. ಕತ್ತರಿಯ ಸದ್ದೊಂದೇ ಅಂಗಡಿಯಲ್ಲಿ. ಗಿರಾಕಿಗಳಿಗೆ ಗಾಬರಿಯಾಯಿತು. "ರೇಡಿಯೋ ಕೆಟ್ಟಿದೆ, ಸೆಲ್ ಬದಲಾಯಿಸಿ," ಎಂದು ಒಬ್ಬ ಅಂದ. ಹೆಂಡತಿ ಗಂಟಲುನೋವೆಂದು ಉಪ್ಪುನೀರು ಕಾಸಿ ಕೊಟ್ಟಳು. ಅವನು ತುಟಿ ಪಿಟಕ್ಕೆನ್ನದೆ ಮುಕ್ಕಳಿಸಿದ.

ಒಂದು ಮಧ್ಯಾಹ್ನ ಆ ಹೆಣ್ಣುಮಗಳ ತಾಯಿ ಅಂಗಡಿ ಬಾಗಿಲಿಗೆ ಬಂದಳು. ಗಂಡಸರ ಕ್ಷೌರದಂಗಡಿಗೆ ಕಾಲಿಡಲು ಸಂಕೋಚಪಟ್ಟು ಹೊಸ್ತಿಲಾಚೆಯೇ ನಿಂತಳು. "ನೀವು ಅಲ್ಲಿಗೆ ಹೋಗಿಬರ್ತೀರಂತೆ. ಆವತ್ತು ನನ್ನ ಮಗಳನ್ನ ನೋಡಿದ್ರಾ?"

ಇಲ್ಲ ಎನ್ನಬೇಕೆಂದೇ ಅವನು ಬಾಯಿ ತೆರೆದದ್ದು. ಆದರೆ ಹುಟ್ಟಿದಾಗಿನಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ಬೆಳೆದ ನಾಲಿಗೆ ಅದು. "ನೋಡಿದೆ ಕಣಮ್ಮ," ಅಂದುಬಿಟ್ಟಿತು. ಒಂದು ಎಳೆ ಹೊರಗೆ ಬಂದಮೇಲೆ ಉಂಡೆಯೇ ಬಿಚ್ಚಿತು. ಕುರ್ಚಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ ಇದ್ದ, ಒಳಗೆ ಹೊಲಿಗೆ ಮಷಿನ್ನು ನಿಂತುಹೋಗಿತ್ತು, ಎಲ್ಲರ ಮುಂದೆ ಎಲ್ಲವನ್ನೂ ಹೇಳಿದ, ತಾನಾಡಿದ ಆ ಒಂದು ಮಾತು ಬಿಟ್ಟು. "ಧೈರ್ಯ ಗೀರ್ಯ ಏನೂ ಇಲ್ಲ," ಎಂದು ಆಮೇಲೆ ಹೇಳುತ್ತಿದ್ದ, "ಬಾಯಿಚಪಲ. ಸೀನು ತಡೆಯೋಕಾಗುತ್ತಾ?"

ತಾಯಿ ಅವನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ಕರೆದುಕೊಂಡು ಹೋದಳು ಅನ್ನುವುದಕ್ಕಿಂತ, ಅವಳು ಮುಂದೆ ನಡೆದಳು, ಅವನಿಗೆ ವಾಪಸ್ ತಿರುಗಲು ನಾಚಿಕೆಯಾಯಿತು. ಡ್ರೈವರ್ ಕೂಡ ಆ ವಾರವೇ ಬಾಯಿ ಬಿಟ್ಟ: ಕಾರಿಗೆ ಹಾಕಿದಾಗ ಅವಳ ತಲೆ ಒಡೆದಿತ್ತು, ಮೆಟ್ಟಿಲ ಹತ್ತಿರ ಒಂದು ಹನಿ ರಕ್ತವೂ ಇರಲಿಲ್ಲ ಎಂದ. ಗುರುಗಳೂ ವ್ಯವಸ್ಥಾಪಕನೂ ಜೈಲು ಸೇರಿದರು. ಕೇಸಿಗೆ ಇಬ್ಬರು ಸಾಕ್ಷಿಗಳಾದರು, ಕ್ಷೌರಿಕ ಮತ್ತು ಡ್ರೈವರ್.

ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯಬೇಕಾದರೂ ಮಗಳಿಗೆ, "ನಿನ್ನ ಗಂಡನಿಗೆ ಹೇಳು," ಅನ್ನುತ್ತಿದ್ದರು. ಗುರುಗಳ ಚಿತ್ರ ಇದ್ದಲ್ಲೇ ಇತ್ತು. ಬೂದು ಅಂಗಿಯ ಗಿರಾಕಿಗಳು ಬರುವುದು ನಿಂತಿತು.

ಒಂದು ದಿನ ಗುರುತಿಲ್ಲದ ಒಬ್ಬ ಬಂದು ಕುರ್ಚಿಯಲ್ಲಿ ಕೂತ. ಹುಬ್ಬಿನ ಮಧ್ಯೆ ಹಳೇ ಗಾಯದ ಗೆರೆ. "ಶೇವಿಂಗ್," ಅಂದ. ರೇಡಿಯೋ ನೊರೆ ಹಚ್ಚಿ, ಕತ್ತಿ ಮಸೆದು, ಗಂಟಲ ಉಬ್ಬಿನ ಹತ್ತಿರ ಇಟ್ಟಾಗ ಆ ಮನುಷ್ಯ ಕಣ್ಣು ಮುಚ್ಚಿಕೊಂಡೇ ಹೇಳಿದ:

"ಕೋರ್ಟಿಗೆ ಹೋಗಬೇಡ."

ಕತ್ತಿ ಇದ್ದದ್ದು ರೇಡಿಯೋ ಕೈಯಲ್ಲಿ, ಅದರ ಕೆಳಗಿದ್ದ ಗಂಟಲು ಆ ಮನುಷ್ಯನದು. ಆದರೂ ನಡುಗಿದ್ದು ಯಾರು ಅಂತ ಹೇಳಬೇಕಾಗಿಲ್ಲ.

"ಕೈ ನಡುಗ್ತಿದೆ, ಹುಷಾರು," ಎಂದ ಆ ಮನುಷ್ಯ. "ನಿನ್ನ ಹೆಂಡತಿ ಹೊಲಿದ ಬಟ್ಟೆ ಕೊಡೋಕೆ ಕಾಲುವೆ ದಾರಿಯಲ್ಲಿ ಒಬ್ಬಳೇ ಹೋಗ್ತಾಳಲ್ಲ?"

"ಹೂಂ ಸ್ವಾಮಿ."

"ಅತ್ತೆಗೆ ಮಂಡಿನೋವು. ಓಡೋಕಾಗಲ್ಲ."

"ಇಲ್ಲ ಸ್ವಾಮಿ."

"ಮೀಸೆ ಸ್ವಲ್ಪ ಸಣ್ಣ ಮಾಡು."

ಮಾಡಿದ. ಎರಡು ಕಡೆ ಸಮ ಬಂದಿದೆಯಾ ಎಂದು ಕನ್ನಡಿ ಹಿಡಿದು ತೋರಿಸಿದ ಕೂಡ. ಆ ಮನುಷ್ಯ ಎದ್ದು ಹೋದಮೇಲೆ ಅದೇ ಕುರ್ಚಿಯಲ್ಲಿ ಕೂತ. ಹೆಂಡತಿ ಓಡಿ ಬಂದಳು. ಪರದೆಯ ಹಿಂದೆ ನಿಂತು ಅವಳು ಎಲ್ಲ ಕೇಳಿಸಿಕೊಂಡಿದ್ದಳು.

"ನಾಳೆಯೇ ಹೋಗಿ ನಾನೇನೂ ನೋಡಿಲ್ಲ ಅಂದುಬಿಡ್ತೀನಿ ಕಣೇ," ಎಂದ.

"ಹೇಳ್ರೀ," ಎಂದಳು. ಗಿರಾಕಿಗೆ ಕಟ್ಟಿದ್ದ ಬಟ್ಟೆ ಕೊಡವಿ, "ಆಮೇಲೆ ಆ ತಾಯಿ ಮತ್ತೆ ಬಾಗಿಲಿಗೆ ಬಂದ್ರೆ ನೀವೇ ಮಾತಾಡಿ. ನನ್ನ ಕೈಲಾಗಲ್ಲ," ಎಂದಳು.

ಅವನು ಠಾಣೆಗೆ ಹೋಗಿ ಬೆದರಿಕೆಯ ವಿಷಯವನ್ನಷ್ಟೇ ತಿಳಿಸಿ ಬಂದ. ಪೊಲೀಸರು ನೋಡೋಣ ಅಂದರು. ಅವರು ನೋಡುವಷ್ಟರಲ್ಲಿ ಡ್ರೈವರನ ಕೊಲೆಯಾಯಿತು. ಹಾಡಹಗಲು, ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಲು ಬಗ್ಗಿದ್ದಾಗ, ಬೈಕಿನಲ್ಲಿ ಬಂದ ಇಬ್ಬರು ಮಚ್ಚಿನಿಂದ ಕಡಿದರು. ಸುತ್ತ ಜನವಿದ್ದರು. ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರಂತೆ. ಸುದ್ದಿ ಕೇಳಿದ ರೇಡಿಯೋ ಆ ಜನರನ್ನು ಬೈಯಲು ಬಾಯಿ ತೆರೆದ, ಆದರೆ ಪಟಿಕದ ಕಲ್ಲು ಗಿರಾಕಿಗೆ ಕೊಟ್ಟು ಬೀದಿ ನೋಡುವವನಿಗೆ ಆ ಹಕ್ಕು ಎಲ್ಲಿದೆ ಎನಿಸಿ ಮುಚ್ಚಿದ.

ಆಮೇಲೆ ಸರ್ಕಾರದವರು ಅವನಿಗೆ ಕಾವಲು ಕೊಟ್ಟರು. ಕಾವಲು ಅಂದರೆ ನಿವೃತ್ತಿಗೆ ಹತ್ತಿರವಾದ ಒಬ್ಬ ಪೇದೆ. ಹೊಟ್ಟೆ ಅವನಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಬೆಳಿಗ್ಗೆ ಬಂದು ಎರಡನೇ ಕುರ್ಚಿಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಗೊರಕೆ.

"ಪೇದೆ ಸಾಹೇಬ್ರೇ, ಈ ಬಂದೂಕು ಕೆಲಸ ಮಾಡುತ್ತಾ?" ಎಂದು ರೇಡಿಯೋ ಕೇಳಿದ.

"ಮಾಡುತ್ತೆ ಅಂತ ನಂಬಿಕೆ," ಎಂದ ಪೇದೆ. "ನೀನು ದೇವರನ್ನ ನೋಡಿದ್ದೀಯಾ? ಹಂಗೇ ಇದೂನೂ."

ಇಬ್ಬರಿಗೂ ಸ್ನೇಹವಾಯಿತು. ಪೇದೆಗೆ ಒಂದು ಕಿವಿ ಮಂದವಾದ್ದರಿಂದ ರೇಡಿಯೋ ಆ ಕಡೆ ನಿಂತು ಮನಸ್ಸು ಬಿಚ್ಚಿ ಮಾತಾಡುತ್ತಿದ್ದ.

ವಿಚಾರಣೆಗೆ ಇನ್ನು ಕೆಲವೇ ವಾರಗಳಿದ್ದವು. ಒಂದು ಬೆಳಿಗ್ಗೆ ಪೇದೆಯ ಮುಖಕ್ಕೆ ನೊರೆ ಹಚ್ಚಿ, ಅರ್ಧ ಬೋಳಿಸಿ, ಬಕೆಟ್ಟಿನ ಸೋಪಿನ ನೀರನ್ನು ಬೀದಿಗೆ ಚೆಲ್ಲಿ, ತಂತಿಯ ಮೇಲೆ ಟವೆಲ್ ಹರವುತ್ತಿದ್ದ. ಬೈಕೊಂದು ಬಂದು ನಿಂತಿತು. ಹಿಂದೆ ಕೂತವನ ಮುಖ ಕಂಡಿತು: ಹುಬ್ಬಿನ ಮಧ್ಯೆ ಗೆರೆ, ತಾನೇ ಸಣ್ಣ ಮಾಡಿದ ಮೀಸೆ. ಕೈಯಲ್ಲಿ ಮಚ್ಚು.

ಎದುರು ನಿಂತು ಹೋರಾಡಿದ ಎಂದು ಬರೆದರೆ ಕತೆಗೆ ಶೋಭೆ. ಆದರೆ ಅವನು ಓಡಿದ. ಎರಡು ಹೆಜ್ಜೆ ಓಡಿ ತಾನೇ ಚೆಲ್ಲಿದ ಸೋಪಿನ ನೀರಿನಲ್ಲಿ ಜಾರಿ ಅಂಗಾತ ಬಿದ್ದ. ಕುತ್ತಿಗೆಗೆ ಬೀಸಿದ ಏಟು ಮೇಲೆತ್ತಿದ ಬಲಗೈಗೆ ಬಿತ್ತು. "ಬೇರೆಯವರನ್ನ ಧೈರ್ಯ ಕಾಪಾಡುತ್ತೆ, ನನ್ನನ್ನ ಕಾಪಾಡಿದ್ದು ಸೋಪು," ಎನ್ನುತ್ತಾನೆ ಇಂದಿಗೂ.

ಎರಡನೇ ಏಟು ಬೀಳುವ ಮೊದಲು ಅಂಗಡಿಯೊಳಗಿಂದ ಒಂದು ದೊಡ್ಡ ಆಕಾರ ನುಗ್ಗಿ ಬಂತು. ಅರ್ಧ ಮುಖ ಬೋಳು, ಅರ್ಧ ಮುಖ ನೊರೆ, ಕುತ್ತಿಗೆಗೆ ಕಟ್ಟಿದ ಬಟ್ಟೆ ಹಿಂದಕ್ಕೆ ಹಾರುತ್ತಿತ್ತು. ಪೇದೆ. ಬಂದೂಕು ಸಿಡಿಯಲಿಲ್ಲ. ಅದನ್ನು ತಿರುಗಿಸಿ ಹಿಡಿದು ದೊಣ್ಣೆಯಂತೆ ಬೀಸಿದ. ಅವನ ಭುಜಕ್ಕೆ ಮಚ್ಚು ತಗುಲಿತು, ಅವನು ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಹೆಂಡತಿ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಬಂದು ಬೈಕ್ ಹಿಡಿದಿದ್ದವನ ತೊಡೆಗೆ ಒತ್ತಿದಳು. ಬೈಕು ಉರುಳಿತು. ಸವಾರ ಅಲ್ಲೇ ಸಿಕ್ಕಿಬಿದ್ದ. ಗೆರೆಯ ಹುಬ್ಬಿನವನು ಓಡಿಹೋದ. ರೇಡಿಯೋ ಇದ್ಯಾವುದನ್ನೂ ಪೂರ್ತಿ ನೋಡಲಿಲ್ಲ. ತನ್ನ ಕೈಯ ರಕ್ತ ಕಂಡು ಆಗಲೇ ಪ್ರಜ್ಞೆ ತಪ್ಪಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗೈಯ ಎರಡು ಬೆರಳು ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಪೇದೆ, ಇನ್ನೂ ಅರ್ಧವೇ ಬೋಳಿಸಿದ ಮುಖದಲ್ಲಿ. "ಉಳಿದರ್ಧ ಯಾವಾಗ ಮಾಡ್ತೀಯ?" ಎಂದು ಕೇಳಿದ. ಕೈಕಟ್ಟು ನೋಡಿ, ಕೇಳಬಾರದಿತ್ತು ಎಂದುಕೊಂಡು ಗೋಡೆ ಕಡೆ ತಿರುಗಿದ.

ಸಂಜೆ ಅತ್ತೆ ಬಂದರು. ಮಂಚದ ಅಂಚಿನಲ್ಲಿ ಕೂತು, ಮಾತು ಬಿಟ್ಟಮೇಲೆ ಮೊದಲ ಸಲ ಅಳಿಯನನ್ನೇ ನೋಡಿ ಮಾತಾಡಿದರು.

"ಗಡ್ಡ ನಿಜವಾಗ್ಲೂ ಬಣ್ಣದ್ದಾ?"

"ಅತ್ತೆ, ನಾನು ಸಾಯ್ತಿದ್ದೆ."

"ಅದು ಗೊತ್ತು. ಗಡ್ಡ?"

"ಬಣ್ಣದ್ದು ಅತ್ತೆ. ಬೇರು ಪೂರಾ ಬಿಳಿ."

ಅವರು ತಲೆ ತಗ್ಗಿಸಿದರು. "ಆ ಮಗು ನನ್ನ ಮಂಡಿಗೆ ಬಿಸಿನೀರಿನ ಚೀಲ ಇಡ್ತಿತ್ತು," ಎಂದರು. "ಮೆಟ್ಟಿಲಿಂದ ಜಾರಿದ್ಲು ಅಂದಾಗ ನಾನು ಯಾವ ಮೆಟ್ಟಿಲು ಅಂತ ಕೇಳಲಿಲ್ಲ. ಅಡುಗೆಮನೆ ಕಡೆ ಮೆಟ್ಟಿಲೇ ಇಲ್ಲ, ಅಳಿಯಂದಿರೇ."

ಸಾಕ್ಷಿ ಹೇಳುವ ದಿನ ಕೋರ್ಟಿನ ಮುಂದೆ ಬೂದು ಅಂಗಿಯವರು ರಸ್ತೆ ತುಂಬ ಕೂತು ಹಾಡುತ್ತಿದ್ದರು. ಪೊಲೀಸರು ದಾರಿ ಮಾಡಲು ಹೋದಷ್ಟೂ ದಾರಿ ಮುಚ್ಚುತ್ತಿತ್ತು. ರೇಡಿಯೋ ಒಂದು ಹೆಜ್ಜೆ ಹಿಂದೆ ಸರಿದ. ಆಗ ಅತ್ತೆ, ತಮ್ಮ ಬೂದು ಬಟ್ಟೆ ಉಟ್ಟೇ ಬಂದಿದ್ದವರು, ಕೋಲೂರಿಕೊಂಡು ಮುಂದೆ ನಡೆದರು. ಇಪ್ಪತ್ತು ವರ್ಷ ಜೊತೆಗೆ ಕೂತು ಹಾಡಿದ ಮುದುಕಿ. ಜನ ಗುರುತು ಹಿಡಿದರು. "ಅಕ್ಕ, ನೀವೂನಾ?" ಎಂದು ಒಬ್ಬಳು ಕೇಳಿದಳು. "ಜರುಗು ತಾಯಿ, ಮಂಡಿ ನೋವು, ಸುತ್ತು ಹಾಕೋಕಾಗಲ್ಲ," ಎಂದರು ಅತ್ತೆ. ಅವಳು ಜರುಗಿದಳು, ಅವಳ ಪಕ್ಕದವರೂ ಜರುಗಿದರು. ಅತ್ತೆಯ ಸೆರಗಿನ ಹಿಂದೆ ಅಳಿಯ ಒಳಗೆ ಹೋದ. ವೀರಪ್ರವೇಶ ಅಂದರೆ ಹೀಗಿರಬೇಕು ಎಂದು ತನ್ನಲ್ಲೇ ಅಂದುಕೊಂಡ.

ಸರ್ಕಾರಿ ವಕೀಲೆ ಅವನಿಗೆ ಮೊದಲೇ ಹೇಳಿದ್ದರು: ಕೇಳಿದ್ದಕ್ಕಷ್ಟೇ ಉತ್ತರ. ಪ್ರಪಂಚದಲ್ಲಿ ಅವನಿಗೆ ಅದಕ್ಕಿಂತ ಕಷ್ಟದ ಕೆಲಸವಿರಲಿಲ್ಲ. ಹೆಸರೇನು ಎಂದು ಕೇಳಿದರೆ, ಆ ಹೆಸರು ಯಾರಿಟ್ಟರು, ಯಾಕಿಟ್ಟರು ಎಂದು ಶುರುಮಾಡಿದ. ನ್ಯಾಯಾಧೀಶರು ಮೇಜು ತಟ್ಟಿದರು.

ಗುರುಗಳ ವಕೀಲರು ಪಾಟೀ ಸವಾಲಿಗೆ ಎದ್ದರು. "ನಿಮ್ಮನ್ನ ರೇಡಿಯೋ ಅಂತಾರೆ, ಅಲ್ವಾ? ಇಲ್ಲದ್ದನ್ನೂ ಸೇರಿಸಿ ಹೇಳೋದು ನಿಮ್ಮ ಅಭ್ಯಾಸ?"

"ಹೌದು ಸ್ವಾಮಿ."

ವಕೀಲರು ಇಷ್ಟು ಸುಲಭವಾಗಿ ಒಪ್ಪುತ್ತಾನೆಂದು ಎಣಿಸಿರಲಿಲ್ಲ. "ಹಾಗಾದ್ರೆ ಇದನ್ನೂ ಸೇರಿಸಿದ್ದೀರಿ. ನಿಮ್ಮ ಕಣ್ಣೆದುರು ಒಂದು ಹೆಣ್ಣನ್ನ ಹೊಡೆದು ಕೊಂದರು ಅಂತೀರಿ. ಆಗ ನೀವೇನು ಮಾಡಿದಿರಿ? ಕೂಗಿದಿರಾ? ಅಡ್ಡ ಹೋದಿರಾ?"

"ಇಲ್ಲ."

"ಸುಮ್ಮನೆ ನಿಂತಿದ್ರಾ?"

"ಇಲ್ಲ ಸ್ವಾಮಿ, ಒಂದು ಮಾತು ಅಂದೆ."

"ಏನಂದಿರಿ?"

ರೇಡಿಯೋ ಕಟಕಟೆಯ ಮರವನ್ನು ಮೂರು ಬೆರಳಿನ ಕೈಯಿಂದ ಹಿಡಿದುಕೊಂಡ. "'ಗುರುಗಳೇ, ಜಾಸ್ತಿ ಅಲ್ಲಾಡಬೇಡಿ, ಬಣ್ಣ ಇಳೀತದೆ' ಅಂದೆ."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. ವಕೀಲರು ಕಾಗದ ಮಡಚಿ ಕೂತರು. ಸುಳ್ಳು ಕಟ್ಟುವವನು ತನ್ನನ್ನು ಒಂದಿಷ್ಟು ಚೆನ್ನಾಗಿಯೇ ಕಟ್ಟಿಕೊಳ್ಳುತ್ತಾನೆ. ಇಷ್ಟು ಹೀನವಾದ ಮಾತನ್ನು ಯಾರೂ ತಮಗಾಗಿ ಕಲ್ಪಿಸಿಕೊಳ್ಳುವುದಿಲ್ಲ. ಹೆಣ್ಣುಮಗಳ ತಾಯಿ ಹಿಂದಿನ ಸಾಲಿನಲ್ಲಿದ್ದಳು. ಆ ಕಡೆ ತಿರುಗಲು ಅವನಿಗೆ ಆಗಲಿಲ್ಲ.

ಮರುದಿನದ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಕೊಲೆಯಲ್ಲ, ಬಣ್ಣ. ಕೋರ್ಟಿನ ಹೊರಗೆ ಭಕ್ತರು ಎದೆ ಬಡಿದುಕೊಂಡು ಅತ್ತದ್ದೂ ಗಡ್ಡಕ್ಕಾಗಿ. ಸತ್ತವಳಿಗಾಗಿ ಅತ್ತವರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು. "ನನ್ನ ಕೈಯಲ್ಲೇ ಎಣಿಸಬಹುದು, ಎರಡು ಬೆರಳು ಕಡಿಮೆಯಾದರೂ," ಎಂದ ರೇಡಿಯೋ. ಜೈಲಿನಲ್ಲಿ ಬಣ್ಣ ಹಚ್ಚುವವರಿರಲಿಲ್ಲ. ತೀರ್ಪಿನ ದಿನ ಗುರುಗಳು ಬಂದಾಗ ಗಡ್ಡ ಎದೆಯವರೆಗೂ ಬೆಳ್ಳಗಿತ್ತು. ಅವರಿಗೂ ವ್ಯವಸ್ಥಾಪಕನಿಗೂ ಜೀವಾವಧಿ ಶಿಕ್ಷೆಯಾಯಿತು. ಗುರುಗಳು ದುಃಖದಿಂದ ನರೆತರು ಎಂದು ಕೆಲವು ಭಕ್ತರು ಈಗಲೂ ಹೇಳುತ್ತಾರೆ.

ತೀರ್ಪಾದ ವಾರ ಆ ತಾಯಿ ಅಂಗಡಿಗೆ ಬಂದಳು. ಈ ಸಲ ಒಳಗೆ ಬಂದು ಕೂತಳು. ಅವನು ಕ್ಷಮೆ ಕೇಳಲು ಹೊರಟ. ಅವಳು ಕೈಯೆತ್ತಿ ತಡೆದು, "ಅದು ಬೇಡ. ಅವಳು ಅಲ್ಲಿ ಹೆಂಗಿದ್ಲು ಹೇಳಿ," ಎಂದಳು. ಅವನು ಹೇಳಿದ: ನೀರು ಹೊತ್ತು ಬರುವಾಗ ಏನೋ ಗುನುಗುತ್ತಿದ್ದಳು, ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಿದ್ದಳು, ಅಣ್ಣ ಎನ್ನುತ್ತಿದ್ದಳು. ಅಷ್ಟಕ್ಕೇ ಮುಗಿಯಿತು. ಇನ್ನೂ ಬೇಕು ಎಂಬಂತೆ ತಾಯಿ ಅವನ ಬಾಯನ್ನೇ ನೋಡುತ್ತಿದ್ದಳು. ಬೇರೆ ಯಾರ ವಿಷಯವಾಗಿದ್ದರೂ ಅವನು ಒಂದು ಗಂಟೆ ಕತೆ ಹೆಣೆಯುತ್ತಿದ್ದ. ಆ ಹುಡುಗಿಯ ವಿಷಯದಲ್ಲಿ ಒಂದು ಎಳೆಯನ್ನೂ ಸೇರಿಸಲಾಗದೆ, "ಇಷ್ಟೇ ಕಣಮ್ಮ ನಂಗೊತ್ತಿರೋದು," ಎಂದ.

ಗೆರೆಯ ಹುಬ್ಬಿನವನು ಇನ್ನೂ ಸಿಕ್ಕಿಲ್ಲ. ಡ್ರೈವರನ ಕೊಲೆಯ ಕೇಸು, ರೇಡಿಯೋ ಮೇಲಿನ ಹಲ್ಲೆಯ ಕೇಸು ಎರಡೂ ನಡೆಯುತ್ತಿವೆ. ಬೆದರಿಕೆ ಕೇಳಿದವನಾದ್ದರಿಂದ ಎರಡರಲ್ಲೂ ಅವನು ಸಾಕ್ಷಿ. ಪೇದೆ ನಿವೃತ್ತನಾದ, ಹೊಸ ಕಾವಲಿನವನು ಬಂದಿದ್ದಾನೆ.

ಅಂಗಡಿ ಈಗ ಹೆಂಡತಿಯ ಕೈಯಲ್ಲಿದೆ. ಬಟ್ಟೆ ಕತ್ತರಿಸಿದ ಕೈ, ಕೂದಲಿಗೂ ಬೇಗ ಹೊಂದಿಕೊಂಡಿತು; ಗಂಡನಿಗಿಂತ ನೀಟಾಗಿ ಮಾಡುತ್ತಾಳೆ ಎಂದು ಬೀದಿಯಲ್ಲಿ ಮಾತಿದೆ. ರೇಡಿಯೋ ಎರಡನೇ ಕುರ್ಚಿಯಲ್ಲಿ ಕೂತು ಸರದಿಗೆ ಕಾಯುವವರ ಜೊತೆ ಮಾತಾಡುತ್ತಾನೆ. ಬೈಕಿನ ಸದ್ದು ಬಂದರೆ ಮಾತು ತಾನಾಗಿ ನಿಲ್ಲುತ್ತದೆ, ಹೆಂಡತಿಯ ಕತ್ತರಿಯೂ ನಿಲ್ಲುತ್ತದೆ. ಬೈಕು ಮುಂದೆ ಹೋದಮೇಲೆ ಅವಳು, "ಹೂಂ, ಆಮೇಲೆ?" ಎನ್ನುತ್ತಾಳೆ.